ಶನಿವಾರ ರಾತ್ರಿಗೆ ಯಾವ ಆಟ? ಸೋತವರೇ ಯಾಕೆ ಕುಡಿಯಬೇಕು?

ಹೋದ ವಾರ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಶನಿವಾರ ಎಂಟು ಜನ ಬರ್ತಿದ್ದಾರೆ. ಇಬ್ಬರು ಕುಡಿಯಲ್ಲ. ಒಬ್ಬಳು ಕಾರ್ ಓಡಿಸ್ಕೊಂಡು ವಾಪಸ್ ಹೋಗ್ಬೇಕು. ಕೆಳಗಿನ ಮನೆಯವರು ಸ್ವಲ್ಪ ಕಿರಿಕ್. ಯಾವ ಆಟ ಆಡಿಸ್ಲಿ?" ಅಷ್ಟು ಹೊತ್ತಿಗೆ ಅವನೇ ಫೋನಲ್ಲಿ ಹುಡುಕಿ ಮೂವತ್ತು ಆಟಗಳ ಪಟ್ಟಿ ಮಾಡಿಟ್ಟುಕೊಂಡಿದ್ದ. ಪಟ್ಟಿ ಜಾಸ್ತಿಯಾದಷ್ಟೂ ತಲೆ ಕೆಟ್ಟಿತ್ತು.

ನಾನು ಈ ವಿಷಯದಲ್ಲಿ ಪಂಡಿತನೇನಲ್ಲ. ಆದರೆ ಹತ್ತು ವರ್ಷದಿಂದ ನಮ್ಮ ಮನೆಯ ಹಾಲೇ ಗೆಳೆಯರ ಅಡ್ಡಾ. ಚೆನ್ನಾಗಿ ನಡೆದ ರಾತ್ರಿಗಳನ್ನೂ ಕಂಡಿದ್ದೇನೆ, ಕೆಟ್ಟು ಕೂತ ರಾತ್ರಿಗಳನ್ನೂ ಕಂಡಿದ್ದೇನೆ. ಕೆಟ್ಟವುಗಳಲ್ಲಿ ಮೊದಲನೆಯದು ಸಕಲೇಶಪುರದ ಕಡೆ ಒಂದು ಹೋಂಸ್ಟೇನಲ್ಲಿ ನಡೆದದ್ದು. ಏಳರ ಆಟ ಆಡುತ್ತಿದ್ದೆವು. ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗಬೇಕು. ಏಳು ಇರುವ ಸಂಖ್ಯೆ, ಏಳರ ಮಗ್ಗಿಯಲ್ಲಿ ಬರುವ ಸಂಖ್ಯೆ ಬಂದಾಗ ಅದನ್ನು ಹೇಳದೆ ಚಪ್ಪಾಳೆ ತಟ್ಟಬೇಕು. ತಪ್ಪಿದವರಿಗೆ ಒಂದು ನೀಟ್ ಪೆಗ್. ಮಗ್ಗಿಯಲ್ಲಿ ಮೊದಲಿಂದಲೂ ವೀಕಾದ ಒಬ್ಬ ಗೆಳೆಯ ಸತತವಾಗಿ ಸೋತ. ಒಂಬತ್ತೂವರೆಗೆ ಅವನಿಗೆ ಇಪ್ಪತ್ತೊಂದು ಯಾವ ಮಗ್ಗಿಯದ್ದು ಅನ್ನೋದೇ ಮರೆತಿತ್ತು. ಹತ್ತೂವರೆಗೆ ಇಬ್ಬರು ಅವನನ್ನು ಬಚ್ಚಲಲ್ಲಿ ಹಿಡಿದುಕೊಂಡಿದ್ದರು. ಅವತ್ತಿನ ಕ್ಯಾಂಪ್‌ಫೈರ್‌ಗೆ ಯಾರೂ ಬೆಂಕಿ ಹಚ್ಚಲೇ ಇಲ್ಲ.

ತಪ್ಪು ಅವನದ್ದಲ್ಲ, ಆಟದ್ದು. ಸೋತವನು ಕುಡಿಯಬೇಕು. ಕುಡಿದವನು ಮತ್ತೆ ಸೋಲುತ್ತಾನೆ. ಮತ್ತೆ ಕುಡಿಯಬೇಕು. ಕುಡಿಸಿ ಆಡಿಸುವ ಆಟಗಳಲ್ಲಿ ಮುಕ್ಕಾಲು ಪಾಲು ಹೀಗೇ ಸುತ್ತುತ್ತವೆ. ಹಾಗಾಗಿ ಆಟ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಇಷ್ಟೇ: ಇದರಲ್ಲಿ ಯಾರು ಕುಡಿಯುತ್ತಾರೆ? ಸೋತವರಾ, ಗೆದ್ದವರಾ, ಅಥವಾ ಅದೃಷ್ಟ ಕೈ ಕೊಟ್ಟವರಾ?

ಎರಡನೆಯದು, ಗಂಟೆಗೆ ಎಷ್ಟು ಒಳಗೆ ಹೋಗುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿ ಸಾಮಾನ್ಯವಾಗಿ ಶೇ. 42.8ರಷ್ಟು ಸ್ಟ್ರಾಂಗ್. 30 ಮಿಲಿಯ ಒಂದು ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಲಿವರ್ ಗಂಟೆಗೆ ಅರಗಿಸುವುದೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಸೋಡಾ ಹಾಕಿ ಒಂದು ಗ್ಲಾಸ್ ಮಾಡಿಕೊಂಡರೆ ಹತ್ತು ಗುಟುಕು. ಅಂದರೆ ಆಟದಲ್ಲಿ ಹತ್ತು ಗುಟುಕು ಒಂದು ಸ್ಮಾಲ್‌ಗೆ ಸಮ ಅಂತ ಇಟ್ಟುಕೊಳ್ಳಿ. ಬಿಯರ್ ತಾನೇ ಅಂತ ತಾತ್ಸಾರ ಬೇಡ. ಶೇ. 8ರ ಸ್ಟ್ರಾಂಗ್ ಬಿಯರ್ 650 ಮಿಲಿ ಬಾಟಲಿ ಒಂದರಲ್ಲೇ ನಾಲ್ಕು ಸ್ಮಾಲ್‌ನಷ್ಟು ಆಲ್ಕೋಹಾಲ್ ಇರುತ್ತದೆ. ಶೇ. 5ರ ಮೈಲ್ಡ್ ಆದರೆ ಎರಡೂವರೆ. ಇನ್ನೊಂದು ವಿಷಯ, ಕುಡಿದದ್ದು ಪೂರ್ತಿ ಏರೋಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಆಟ ಅಷ್ಟು ಹೊತ್ತು ಕಾಯಲ್ಲ. "ನಂಗೇನೂ ಆಗಿಲ್ಲ" ಎನ್ನುವ ಹೊತ್ತಿಗೆ ಮುಂದಿನ ಮೂರು ಸುತ್ತು ಮುಗಿದಿರುತ್ತವೆ.

ಮೂರನೆಯದು, ಕುಡಿಯದವರು ಆಟದಲ್ಲಿ ನಿಜವಾಗಿ ಇರುತ್ತಾರಾ, ಅಥವಾ ಕೋಕ್ ಹಿಡಿದುಕೊಂಡು ಪ್ರೇಕ್ಷಕರಾಗುತ್ತಾರಾ. ಆಮೇಲೆ ಜಾಗ, ಸದ್ದು, ದುಡ್ಡು. ದುಡ್ಡಿನ ವಿಷಯ ಕೊನೆಗೆ ಹಾಕಿದ್ದು ಬೇಕಂತಲೇ. ಆಟಕ್ಕೆ ಖರ್ಚಾಗೋದು ಕಡಿಮೆ, ನೆಂಚಿಕೊಳ್ಳೋದಕ್ಕೇ ಜಾಸ್ತಿ.

ಇನ್ನು ಒಂದೊಂದಾಗಿ ನೋಡೋಣ.

ಕಿಂಗ್ಸ್ ಕಪ್

ಎಲ್ಲರೂ ಮೊದಲು ಹೇಳುವ ಹೆಸರು ಇದು. ಅದಕ್ಕೆ ಕಾರಣವೂ ಇದೆ. ಒಂದು ಇಸ್ಪೀಟ್ ಕಟ್ಟು ಇದ್ದರೆ ಸಾಕು. ಐದರಿಂದ ಹತ್ತು ಜನ ಆಡಬಹುದು. ನಡುವೆ ಒಂದು ಖಾಲಿ ಲೋಟ, ಸುತ್ತ 52 ಎಲೆ ಮಗುಚಿ ಹರಡಿ. ಒಬ್ಬೊಬ್ಬರೇ ಎಲೆ ಎತ್ತಬೇಕು. ಒಂದೊಂದು ಎಲೆಗೆ ಒಂದೊಂದು ಕಟ್ಟಳೆ. ಎರಡು ಬಂದರೆ ಬೇರೆ ಯಾರಿಗಾದರೂ ಕುಡಿಸಿ, ಮೂರು ಬಂದರೆ ನೀವೇ ಕುಡಿಯಿರಿ, ಏಳು ಬಂದರೆ ಎಲ್ಲರೂ ಕೈ ಮೇಲೆತ್ತಬೇಕು, ಕೊನೆಗೆ ಎತ್ತಿದವರಿಗೆ ಗುಟುಕು. ಒಂಬತ್ತಕ್ಕೆ ಪ್ರಾಸದ ಪದ, ಹತ್ತಕ್ಕೆ ಒಂದು ಪಟ್ಟಿಯ ಹೆಸರು ಸರದಿಯಂತೆ ಹೇಳಬೇಕು, ತಡವರಿಸಿದವರಿಗೆ ಗುಟುಕು. ಗುಲಾಮ ಎತ್ತಿದವರು ಒಂದು ಹೊಸ ನಿಯಮ ಮಾಡಬಹುದು. ರಾಜ ಬಂದರೆ ನಡುವಿನ ಲೋಟಕ್ಕೆ ತಮ್ಮ ಗ್ಲಾಸಿನಿಂದ ಸುರಿಯಬೇಕು. ನಾಲ್ಕನೇ ರಾಜ ಎತ್ತಿದವನು ಆ ಲೋಟ ಖಾಲಿ ಮಾಡಬೇಕು.

ಇಲ್ಲಿ ಗುಟುಕು ಬೀಳೋದು ಬಹುಪಾಲು ಅದೃಷ್ಟದಿಂದ. ಅದಕ್ಕೇ ಒಬ್ಬನ ಮೇಲೇ ಹೊರೆ ಬೀಳಲ್ಲ. ನಾವು ಆರು ಜನ ಆಡಿ ಒಮ್ಮೆ ಎಣಿಸಿದ್ದೆವು. ಕಟ್ಟು ಮುಗಿಯುವ ಹೊತ್ತಿಗೆ ತಲಾ ಇಪ್ಪತ್ತೈದು ಗುಟುಕಿನ ಹತ್ತಿರ ಆಗಿತ್ತು. ಅಂದರೆ ಎರಡೂವರೆ ಸ್ಮಾಲ್, ಮುಕ್ಕಾಲು ಗಂಟೆಯಲ್ಲಿ. ಒಂದು ಕಟ್ಟು ಸಾಕು. ಎರಡನೇ ಕಟ್ಟು ಕಲಸೋಕೆ ಬಿಡಬೇಡಿ.

ಈ ಆಟವನ್ನು ಇದ್ದ ಹಾಗೇ ಆಡೋದಕ್ಕಿಂತ ನಮ್ಮದು ಮಾಡಿಕೊಂಡರೆ ಮಜಾ. ಐದಕ್ಕೆ ಗಂಡಸರು, ಆರಕ್ಕೆ ಹೆಂಗಸರು ಕುಡಿಯಬೇಕು ಅನ್ನೋದು ಮೂಲದ ನಿಯಮ. ನಾವು ಐದಕ್ಕೆ ಉತ್ತರ ಕರ್ನಾಟಕದವರು, ಆರಕ್ಕೆ ಹಳೇ ಮೈಸೂರು ಕಡೆಯವರು ಅಂತ ಮಾಡಿದ್ದೇವೆ. ಕರಾವಳಿಯವರು ನಕ್ಕುಕೊಂಡು ತಪ್ಪಿಸಿಕೊಳ್ಳುತ್ತಿದ್ದರು. ಈಗ ಅವರಿಗೆ ರಾಣಿ ಕೊಟ್ಟಿದ್ದೇವೆ. ಪ್ರಾಸದ ಸುತ್ತಿನಲ್ಲಿ ಒಬ್ಬ ಕನ್ನಡ ಮೇಷ್ಟ್ರು ಇದ್ದರೆ ಜಾಗ್ರತೆ. ಹಳಗನ್ನಡ ಕಾವ್ಯದಲ್ಲಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಇರಬೇಕು ಎಂದು ಅವರು ಶುರು ಮಾಡಿದರೆ ಆಟ ಅಲ್ಲಿಗೆ ನಿಂತಿತು. ಕೊನೆ ಅಕ್ಷರ ಸೇರಿದರೆ ಸಾಕು ಅಂತ ಮೊದಲೇ ಹೇಳಿಬಿಡಿ.

ಪಟ್ಟಿಯ ಸುತ್ತಿಗೆ ನನ್ನ ಮೆಚ್ಚಿನದು ಜಿಲ್ಲೆಗಳು. ಕರ್ನಾಟಕದಲ್ಲಿ 31 ಜಿಲ್ಲೆ. ಎಲ್ಲರಿಗೂ ಗೊತ್ತು ಅಂದುಕೊಂಡೇ ಶುರು ಮಾಡುತ್ತಾರೆ. ಇಪ್ಪತ್ತೆರಡು, ಇಪ್ಪತ್ಮೂರಕ್ಕೆ ಗಾಡಿ ನಿಲ್ಲುತ್ತದೆ. ಬಳ್ಳಾರಿಯಿಂದ 2021ರಲ್ಲಿ ಬೇರೆಯಾದ ವಿಜಯನಗರವನ್ನು ಯಾವಾಗಲೂ ಯಾರಾದರೂ ಮರೆತಿರುತ್ತಾರೆ. ರಾಮನಗರ ಅಂದರೆ ಸರಿಯಾ, ಬೆಂಗಳೂರು ದಕ್ಷಿಣ ಅನ್ನಬೇಕಾ ಎಂದು ಹೋದ ಸಲ ಹತ್ತು ನಿಮಿಷ ಜಗಳ ಆಯಿತು. ಆ ಹತ್ತು ನಿಮಿಷ ಯಾರೂ ಗ್ಲಾಸ್ ಮುಟ್ಟಲಿಲ್ಲ.

ಗುಲಾಮ ಎತ್ತಿದವರು "ಇಂಗ್ಲಿಷ್ ಪದ ಬಂದರೆ ಗುಟುಕು" ಅಂತ ನಿಯಮ ಮಾಡಿದರೆ ಮಾತ್ರ ಕೂಡಲೇ ತಿದ್ದಿ. ಲೈಟು, ಫ್ಯಾನು, ಟೇಬಲ್ಲು, ಸಾರಿ, ಥ್ಯಾಂಕ್ಸು... ಎರಡು ನಿಮಿಷದಲ್ಲಿ ಎಲ್ಲರ ಗ್ಲಾಸೂ ಖಾಲಿ. ಈ ನಿಯಮ ಇಟ್ಟುಕೊಳ್ಳಬೇಕೆಂದರೆ ದಂಡಕ್ಕೆ ಗುಟುಕು ಬೇಡ. ಸೋತವರು ಎದ್ದು ಹೋಗಿ ಒಂದು ನಿಪ್ಪಟ್ಟು ತಂದುಕೊಡಲಿ.

ನಡುವಿನ ಲೋಟ ಈ ಆಟದ ಕೊಳಕು ಭಾಗ. ಬಿಯರ್, ರಮ್, ವೈನ್ ಎಲ್ಲಾ ಒಂದೇ ಲೋಟದಲ್ಲಿ ಬಿದ್ದರೆ ಅದನ್ನು ಕುಡಿಸೋದು ತಮಾಷೆಯಲ್ಲ, ಶಿಕ್ಷೆ. ನಮ್ಮ ಮನೆಯಲ್ಲಿ ಆ ಲೋಟಕ್ಕೆ ಹಸಿಮೆಣಸು, ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ ಸುರಿಯುತ್ತೇವೆ. ರಾಜ ಬಂದಾಗಲೆಲ್ಲ ಖಾರ ಒಂದು ಚಮಚ ಜಾಸ್ತಿ. ನಾಲ್ಕನೇ ರಾಜನ ಮುಖ ನೋಡೋಕೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಕುಡಿಯದವರೂ ಈ ಶಿಕ್ಷೆಗೆ ಸಮಪಾಲು.

"ನಾನು ಯಾವತ್ತೂ..."

"ನಾನು ಯಾವತ್ತೂ ಟಿಕೆಟ್ ಇಲ್ಲದೆ ಬಸ್ಸಲ್ಲಿ ಹೋಗಿಲ್ಲ" ಎಂದು ಒಬ್ಬರು ಹೇಳಬೇಕು. ಹೋದವರು ಕುಡಿಯಬೇಕು. ಖರ್ಚು ಸೊನ್ನೆ, ಜಾಗ ಬೇಡ, ಸದ್ದು ಕಡಿಮೆ. ಇಲ್ಲಿ ಸೋಲು ಗೆಲುವೇ ಇಲ್ಲ. ಕುಡಿಯದವರು ಬೆರಳು ಮಡಚಿದರೆ ಸಾಕು, ಅವರ ಕಥೆಗಳೇ ಎಷ್ಟೋ ಸಲ ಚೆನ್ನಾಗಿರುತ್ತವೆ. ಹತ್ತು ವರ್ಷದ ಗೆಳೆಯರ ಬಗ್ಗೆ ಹೊಸದೊಂದು ತಿಳಿಯಬೇಕೆಂದರೆ ಇದಕ್ಕೆ ಸಾಟಿಯಿಲ್ಲ.

ಆದರೆ ಗುಂಪು ನೋಡಿ ಆಡಿ. ಆಫೀಸಿನವರು, ಹೊಸದಾಗಿ ಮದುವೆಯಾದ ಜೋಡಿ, ಹಳೇ ಪ್ರೇಮಿಗಳು ಒಂದೇ ಕೋಣೆಯಲ್ಲಿದ್ದರೆ ಬೇಡವೇ ಬೇಡ. ರಾತ್ರಿ ಹನ್ನೊಂದಕ್ಕೆ ಬಾಯಿಬಿಟ್ಟದ್ದನ್ನು ಸೋಮವಾರ ಬೆಳಗ್ಗೆ ವಾಪಸ್ ತೆಗೆದುಕೊಳ್ಳೋಕೆ ಆಗಲ್ಲ. ಗುಟುಕಿಗಿಂತ ಫೋನ್ ಎತ್ತಿಡೋದು ಇಲ್ಲಿ ಮುಖ್ಯ ನಿಯಮ. ಯಾರೂ ರೆಕಾರ್ಡ್ ಮಾಡಬಾರದು.

ಬಿಯರ್ ಪಾಂಗ್

ಅಮೆರಿಕದ ಕಾಲೇಜುಗಳಿಂದ ಬಂದ ಆಟ. ಎರಡು ಕಡೆ ಹತ್ತು ಹತ್ತು ಲೋಟ ತ್ರಿಕೋನವಾಗಿ ಜೋಡಿಸಬೇಕು. ಎದುರಿನವರ ಲೋಟಕ್ಕೆ ಪಿಂಗ್‌ಪಾಂಗ್ ಚೆಂಡು ಬೀಳಿಸಿದರೆ ಅವರು ಅದನ್ನು ಕುಡಿಯಬೇಕು. ಟೆರೇಸು, ತೋಟದ ಮನೆ ಇದ್ದರೆ ಜೋರಾಗಿರುತ್ತದೆ. ನಿಂತು ಆಡುವ ಆಟ ಬೇರೆ ಕಡಿಮೆ, ಹಾಗಾಗಿ ಇದರ ಹುರುಪೇ ಬೇರೆ.

ತೊಂದರೆ ಮೂರು. ಸರಿಯಾದ ಮೇಜು ಎಂಟಡಿ ಉದ್ದ ಇರಬೇಕು. ನಮ್ಮ ಟೂ ಬೆಡ್‌ರೂಂ ಮನೆಗಳ ಊಟದ ಮೇಜು ಐದಡಿ ಇದ್ದರೆ ಹೆಚ್ಚು. ಚೆಂಡು ಸೋಫಾ ಕೆಳಗಿನ ಧೂಳೆಲ್ಲ ಗುಡಿಸಿಕೊಂಡು ಬಂದು ಲೋಟದಲ್ಲಿ ಬೀಳುತ್ತದೆ. ಮತ್ತೆ ಅದೇ ಹಳೇ ಕಾಯಿಲೆ: ಸೋತವರೇ ಕುಡಿಯುತ್ತಾರೆ, ಕುಡಿದ ಕೈ ಇನ್ನೂ ಗುರಿ ತಪ್ಪುತ್ತದೆ. ಲೋಟಗಳಿಗೆ ನೀರು ತುಂಬಿ, ಚೆಂಡು ಬಿದ್ದಾಗ ತಮ್ಮ ಗ್ಲಾಸಿನಿಂದ ಒಂದು ಗುಟುಕು ಅಂತ ಮಾಡಿದರೆ ಮೊದಲಿನ ತೊಂದರೆ ಬಿಟ್ಟು ಉಳಿದೆರಡೂ ಅರ್ಧ ಕಡಿಮೆ. ಹತ್ತರ ಬದಲು ಆರು ಲೋಟ ಸಾಕು. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಇದನ್ನು ಮರೆತುಬಿಡಿ.

ಲೋಟ ಮಗುಚುವ ಫ್ಲಿಪ್ ಕಪ್ ಕೂಡ ಇದೇ ಜಾತಿ. ಅದರಲ್ಲಿ ಗಟಗಟ ಎಂದು ಒಂದೇ ಉಸಿರಿಗೆ ಮುಗಿಸಬೇಕು. ಹಾಗೆ ಮುಗಿಸುವ ಯಾವ ಆಟವನ್ನೂ ನಾನು ಶಿಫಾರಸು ಮಾಡಲ್ಲ.

ಜೆಂಗಾ

ಮರದ 54 ತುಂಡುಗಳ ಗೋಪುರ. ಒಂದೊಂದು ತುಂಡಿನ ಮೇಲೆ ಪೆನ್ಸಿಲ್‌ನಲ್ಲಿ ಒಂದೊಂದು ಆಜ್ಞೆ ಬರೆಯಿರಿ. "ಎಡಗಡೆಯವರಿಗೆ ಗುಟುಕು", "ಒಂದು ಹಾಡು", "ಅಮ್ಮನಿಗೆ ಗುಡ್‌ನೈಟ್ ಮೆಸೇಜ್". ಅರ್ಧದಷ್ಟಾದರೂ ಕುಡಿತಕ್ಕೆ ಸಂಬಂಧ ಇಲ್ಲದವು ಇರಲಿ. ಗೋಪುರ ಬೀಳಿಸಿದವನಿಗೆ ಪಾತ್ರೆ ತೊಳೆಯುವ ಡ್ಯೂಟಿ. ಒಮ್ಮೆ ಬರೆದಿಟ್ಟರೆ ವರ್ಷಗಟ್ಟಲೆ ಬರುತ್ತದೆ, ಹಾಗಾಗಿ ಸೆಟ್ ಕೊಂಡ ದುಡ್ಡು ದಂಡ ಅಲ್ಲ. ಕೆಳಗಿನ ಮನೆಯವರಿಗೆ ಮಾತ್ರ ರಾತ್ರಿ ಹನ್ನೊಂದಕ್ಕೆ 54 ಮರದ ತುಂಡು ತಲೆ ಮೇಲೆ ಬಿದ್ದ ಹಾಗಾಗುತ್ತದೆ. ಕೆಳಗೆ ದಪ್ಪ ಜಮಖಾನ ಹಾಸಿ.

ನಾಲಗೆ ತೊಡರುವ ಆಟ

ಇದು ಯಾವ ಪಟ್ಟಿಯಲ್ಲೂ ಇರಲ್ಲ. ನಾವು ಚಿಕ್ಕವರಿದ್ದಾಗ ಶಾಲೆಯಲ್ಲಿ ಆಡಿದ್ದೇ. "ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು" ಅಂತ ಮೂರು ಸಲ ಬೇಗ ಬೇಗ ಹೇಳಬೇಕು. ಇಲ್ಲಾಂದರೆ "ಕಾಗೆ ಪುಕ್ಕ ಗುಬ್ಬಿ ಪುಕ್ಕ". ಮೊದಲ ಗ್ಲಾಸಿನಲ್ಲಿ ಎಲ್ಲರೂ ಶೂರರು. ಎರಡನೇ ಗ್ಲಾಸಿಗೆ ಕುರಿ ಕೆರೆಯಾಗಿ, ಕೆರೆ ಕರಿಯಾಗಿ, ಕೊನೆಗೆ ಎಲ್ಲಾ ಸೇರಿ ತರೀಕೆರೆ ಮುಳುಗಿರುತ್ತದೆ. ಇಷ್ಟು ನಗಿಸುವ ಆಟ ಇನ್ನೊಂದು ನನಗೆ ಗೊತ್ತಿಲ್ಲ. ಅರವತ್ತು ದಾಟಿದ ಮಾವನವರೂ ಕೂತು ಆಡಿದ್ದಾರೆ.

ಆದರೆ ಸೋತವರಿಗೆ ಗುಟುಕು ಎಂದರೆ ಇದು ಎಲ್ಲಕ್ಕಿಂತ ಅಪಾಯದ ಆಟ. ತೊದಲಿದಷ್ಟೂ ಕುಡಿತ, ಕುಡಿದಷ್ಟೂ ತೊದಲು. ಅದಕ್ಕೇ ನಾವು ತಿರುಗಿಸಿಬಿಟ್ಟೆವು. ಸರಿಯಾಗಿ ಹೇಳಿದವರು ಬೇಕಿದ್ದರೆ ಕುಡಿಯಬಹುದು, ತೊಡರಿದವರು ಒಂದು ಲೋಟ ನೀರು ಕುಡಿಯಬೇಕು. ಈ ಒಂದು ಬದಲಾವಣೆಯಿಂದ ಆಟ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ನಾಲಗೆ ಕೈ ಕೊಟ್ಟವನಿಗೆ ನೀರೇ ಗತಿ. ಕುಡಿಯದವರು ಇಲ್ಲಿ ಪ್ರತೀ ಸಲ ಗೆಲ್ಲುತ್ತಾರೆ, ಗೆದ್ದು ಮೆರೆಯುತ್ತಾರೆ. ಮೆರೆಯಲಿ ಬಿಡಿ.

ಮಾಫಿಯಾ

1986ರಲ್ಲಿ ಮಾಸ್ಕೋದ ಸೈಕಾಲಜಿ ವಿದ್ಯಾರ್ಥಿ ದಿಮಿತ್ರಿ ದಾವಿದೊವ್ ಹುಟ್ಟಿಸಿದ ಆಟ. ಕೆಲವರು ಗುಟ್ಟಾಗಿ ಕೊಲೆಗಾರರು, ಉಳಿದವರು ಊರಿನವರು. ಮಾತಾಡಿ, ವಾದಿಸಿ ಕೊಲೆಗಾರರನ್ನು ಹಿಡಿಯಬೇಕು. ಕನಿಷ್ಠ ಏಳು ಜನ ಬೇಕು. ಕುಡಿತಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಹಾಗಾಗಿ ಮಿಶ್ರ ಗುಂಪಿಗೆ ಒಳ್ಳೆಯದು. ಸಂಜೆ ಮೊದಲಿಗೇ ಆಡಿಬಿಡಿ. ಎರಡು ಪೆಗ್ ಆದಮೇಲೆ ಮಾಫಿಯಾ ತಾನೇ ಎದ್ದು "ನಾನಲ್ಲ" ಎನ್ನುತ್ತಾನೆ, ಕೇಳದೇ ಇದ್ದರೂ.

ಇಪ್ಪತ್ತೆಂಟು, ಚೌಕಾಬಾರ

ನಾಲ್ಕೇ ಜನ ಇದ್ದು, ನಾಲ್ವರಿಗೂ ಇಸ್ಪೀಟಿನ ಹುಚ್ಚಿದ್ದರೆ ಇಪ್ಪತ್ತೆಂಟು ಆಡಿ. 32 ಎಲೆ, ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ಮಂಗಳೂರು, ಕಾಸರಗೋಡು ಕಡೆಯವರು ಇದನ್ನು ಊಟ ಬಿಟ್ಟು ಆಡುತ್ತಾರೆ. ಆದರೆ ತುರುಪು ನೆನಪಿಡೋಕೆ ತಲೆ ನೆಟ್ಟಗಿರಬೇಕು. ಕುಡಿದು ಆಡಿದರೆ ಜೊತೆಗಾರನ ಹತ್ತಿರ ಬೈಗುಳ ಖಂಡಿತ. ದುಡ್ಡು ಕಟ್ಟಿ ಆಡಬೇಡಿ. ಕುಡಿತ, ದುಡ್ಡು ಎರಡೂ ಸೇರಿದಲ್ಲಿ ಗೆಳೆತನ ಉಳಿದದ್ದು ನಾನು ನೋಡಿಲ್ಲ.

ಚೌಕಾಬಾರ ಬೇರೆ. 25 ಮನೆ, ನಾಲ್ಕು ಕವಡೆ, ಬಹುಪಾಲು ಲಕ್ಕು. ಅಮಲಿನಲ್ಲಿದ್ದರೂ ಇಲ್ಲದಿದ್ದರೂ ಕವಡೆಗೆ ಗೊತ್ತಾಗಲ್ಲ. ಇಬ್ಬಿಬ್ಬರ ಜೋಡಿ ಮಾಡಿದರೆ ಎಂಟು ಜನಕ್ಕೂ ಆಗುತ್ತದೆ. ಕಾಯಿ ಕಡಿಸಿಕೊಂಡವರಿಗೆ ಗುಟುಕು ಎಂದು ಇಟ್ಟರೂ ಗಂಟೆಯಲ್ಲಿ ನಾಲ್ಕೈದಕ್ಕಿಂತ ಜಾಸ್ತಿ ಆಗಲ್ಲ. ಎದುರಾಳಿಯ ಕಾಯಿ ಕಡಿಯದೆ ಒಳಗಿನ ಮನೆಗಳಿಗೆ ಹೋಗುವಂತಿಲ್ಲ ಅನ್ನೋ ನಿಯಮ ಇರುವುದರಿಂದ ಸಾಧುಗಳೂ ರಾಕ್ಷಸರಾಗುತ್ತಾರೆ. ರಾತ್ರಿಯ ಕೊನೆಗೆ ಇದಕ್ಕಿಂತ ತಣ್ಣನೆಯ ಆಟ ಇಲ್ಲ. ಸೀಮೆಸುಣ್ಣದ ಚೂರು ಸಾಕು, ನೆಲದ ಮೇಲೇ ಬರೆಯಬಹುದು.

ಅಂತ್ಯಾಕ್ಷರಿ, ಮೂಕಾಭಿನಯದ ಬಗ್ಗೆ ಹೇಳಬೇಕಾದ್ದು ಕಡಿಮೆ, ಎಲ್ಲರಿಗೂ ಗೊತ್ತಿರುವುದೇ. ಅಂತ್ಯಾಕ್ಷರಿಯಲ್ಲಿ ಸದ್ದು ಜಾಸ್ತಿ, ಹತ್ತು ಗಂಟೆಯೊಳಗೆ ಮುಗಿಸಿ. "ಳ" ಬಂದರೆ "ಲ" ಅಂತ ತಗೊಳ್ಳೋದಾ ಎನ್ನುವುದನ್ನು ಮೊದಲೇ ತೀರ್ಮಾನಿಸಿ. ಮೂಕಾಭಿನಯ ಸದ್ದಿಲ್ಲದ ಆಟ ಅನ್ನುತ್ತಾರೆ. ಆಡುವವನು ಮೂಕ ಅಷ್ಟೇ, ಊಹಿಸುವವರು ಅಲ್ಲ.

ಯಾವುದೇ ಆಟವಿರಲಿ

ಊಟ ಮೊದಲು. ಖಾಲಿ ಹೊಟ್ಟೆಯಲ್ಲಿ ಬೇಗ ಏರುತ್ತದೆ. ಬರೀ ಕಾಂಗ್ರೆಸ್ ಕಡ್ಲೆ, ಚಿಪ್ಸ್ ಇಟ್ಟರೆ ಉಪ್ಪಿಗೆ ಬಾಯಾರಿ ಬಿಯರ್ ಇನ್ನೂ ಜಾಸ್ತಿ ಖಾಲಿಯಾಗುತ್ತದೆ. ಚಪಾತಿಯೋ ಬಿಸಿಬೇಳೆಭಾತೋ ಒಂದು ಸುತ್ತು ಆಗಿರಲಿ. ಪ್ರತೀ ಆಟದಲ್ಲೂ "ಪಾಸ್" ಅನ್ನೋ ಮಾತಿಗೆ ಬೆಲೆ ಇರಲಿ, ಯಾಕೆ ಅಂತ ಕೇಳಬಾರದು. ಆಟಕ್ಕೆ ನೀಟ್ ಪೆಗ್ ಬೇಡ, ಗುಟುಕು ಮಾತ್ರ. ತಮ್ಮ ತಂಗಿಯರ ಕಾಲೇಜು ಗೆಳೆಯರು ಬಂದಿದ್ದರೆ ಅವರಿಗೆ ಮಜ್ಜಿಗೆಯೇ. ಕರ್ನಾಟಕದಲ್ಲಿ ಕುಡಿಯುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸೋ ಪ್ರಸ್ತಾಪ 2023ರಲ್ಲಿ ಬಂದು ವಿರೋಧಕ್ಕೆ ಬಿದ್ದುಹೋಯಿತು.

ಗಾಡಿ ಓಡಿಸುವವರಿಗೆ ಎಲ್ಲ ಸುತ್ತಿನಲ್ಲೂ ಸೋಡಾ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲವೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ. ಆ 30 ಎಷ್ಟು ಬೇಗ ಬರುತ್ತದೆ ಎಂದು ಎಣಿಸುತ್ತಾ ಕೂರೋದಕ್ಕಿಂತ ಕ್ಯಾಬ್ ಹೇಳೋದು ಸುಲಭ.

ಯಾರಾದರೂ ಮಲಗಿದವರು ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಒಬ್ಬರನ್ನೇ ಬಿಟ್ಟು ಬರಬೇಡಿ, 108ಕ್ಕೆ ಫೋನ್ ಮಾಡಿ. ತಣ್ಣೀರು ಎರಚೋದು, ಕಾಫಿ ಕುಡಿಸೋದು ಕೆಲಸಕ್ಕೆ ಬರಲ್ಲ.

ಚಿಕ್ಕಪ್ಪನ ಮಗನಿಗೆ ನಾನು ಹೇಳಿದ್ದು ಹೀಗೆ. ಎಂಟು ಜನ ಬಂದ ಕೂಡಲೇ, ಬಾಟಲಿ ತೆಗೆಯೋ ಮುಂಚೆ ಮಾಫಿಯಾ. ಊಟದ ಮೊದಲ ಸುತ್ತಾದ ಮೇಲೆ ಕಿಂಗ್ಸ್ ಕಪ್ ಒಂದೇ ಕಟ್ಟು, ನಡುವೆ ಖಾರದ ಮಜ್ಜಿಗೆ. ಹತ್ತರ ಹೊತ್ತಿಗೆ ತರೀಕೆರೆ ಕುರಿಮರಿ. ಆಮೇಲೆ ಚೌಕಾಬಾರ, ಮೊಸರನ್ನ. ನಾಲ್ಕೇ ಜನ ಹಳೇ ಗೆಳೆಯರಾಗಿದ್ದರೆ "ನಾನು ಯಾವತ್ತೂ" ಮತ್ತು ಚೌಕಾಬಾರ ಸಾಕಿತ್ತು. ತೋಟದ ಮನೆಯಾಗಿದ್ದರೆ ನೀರು ತುಂಬಿದ ಬಿಯರ್ ಪಾಂಗ್ ಸೇರಿಸುತ್ತಿದ್ದೆ.

ಕವಡೆ ಕೇಳೋಕೆ ಅವನು ಚಿಕ್ಕಮ್ಮನಿಗೆ ಫೋನ್ ಮಾಡಿದ್ದನಂತೆ. "ನಿಮ್ಮ ಪಾರ್ಟಿಗೆ ನನ್ನ ಕವಡೆ ಕೊಡಲ್ಲ, ಕಳೆದುಹಾಕ್ತೀರ. ನಾಲ್ಕು ಹುಣಸೆ ಬೀಜ ತಗೊಂಡು ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡ್ಕೊಳ್ಳಿ" ಅಂದರಂತೆ. ಶುಕ್ರವಾರ ರಾತ್ರಿ ಅವನು ಬಾಲ್ಕನಿಯಲ್ಲಿ ಕೂತು ಬೀಜ ತೇಯುತ್ತಿರೋ ಫೋಟೋ ಬಂತು.